ಗ್ರಾಹಕರ ಕೋರ್ಟಿಗೆ ಹೋದ ಫಸಲಿ ಕಾಗದ

ತಾರೀಖುಗಳ ವಿಷಯದಲ್ಲಿ ನಾನು ಸಹವಾಸಕ್ಕೆ ಯೋಗ್ಯನಾದ ಮನುಷ್ಯನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಮ್ಮೆ ಬೀಗರ ಮನೆಗೆ ಊಟಕ್ಕೆ ಹೋದಾಗ, ಗೋಡೆಯ ಮೇಲಿನ ಹಿರಿಯರ ಭಾವಚಿತ್ರಗಳ ಕೆಳಗೆ ಬರೆದಿದ್ದ ಜನನ ಮರಣಗಳ ದಿನಾಂಕಗಳನ್ನು ತಾಳೆ ನೋಡಿ, ಈ ಲೆಕ್ಕದಂತೆ ನಿಮ್ಮ ಮುತ್ತಜ್ಜ ತಮ್ಮ ಮಗನಿಗಿಂತ ಎರಡು ವರ್ಷ ಚಿಕ್ಕವರಾಗುತ್ತಾರೆ ಎಂದು ತಿಳಿಸಿದೆ. ಎಲೆಯ ಮೇಲೆ ಹೋಳಿಗೆ ಬಿದ್ದಿತು, ತುಪ್ಪ ಬೀಳಲಿಲ್ಲ. ಮೂವತ್ತು ವರ್ಷಗಳ ಕಾಲ ಹಳೆಯ ಕಾಗದಪತ್ರಗಳನ್ನು ಓದುವುದೇ ವೃತ್ತಿಯಾಗಿದ್ದವನಿಗೆ ನಿವೃತ್ತಿಯ ನಂತರ ಸಂಬಳ ನಿಲ್ಲುತ್ತದೆಯೇ ಹೊರತು ಚಟ ನಿಲ್ಲುವುದಿಲ್ಲ. ಈ ಚಟ ನನ್ನನ್ನು ಒಂದು ಬ್ಯಾಂಕಿನ ವಿರುದ್ಧ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿಸಿದ ಸಂಗತಿಯನ್ನು ಹೇಳಬೇಕಾಗಿದೆ. ಹೇಳುವ ಉತ್ಸಾಹ ಈಗ ಉಳಿದಿಲ್ಲ. ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆಂಬ ಭಯವಷ್ಟೇ ಉಳಿದಿದೆ.

ಮಸ್ಕಿಯಲ್ಲಿ ನನ್ನ ಅಜ್ಜ ಕೊಂಡ ಒಂದು ಮನೆಯಿದೆ. ಅದರ ಮುಂಭಾಗದ ಮಳಿಗೆಯಲ್ಲಿ ಖಾಜಾಸಾಬ್ ಎಂಬ ಬಡಗಿ ಬಹುಕಾಲದಿಂದ ಬಾಡಿಗೆಗಿದ್ದಾನೆ. ಸುತ್ತಲ ಹಳ್ಳಿಗಳಲ್ಲಿ, ಅತ್ತ ಸಂತೆಕಲ್ಲೂರಿನವರೆಗೆ, ಹೊಸ ಬಾಗಿಲು ಕೂತಿತೆಂದರೆ ಅದು ಅವನ ಕೈಯದೇ. ನಾವು ಗಂಡಹೆಂಡಿರು ಲಿಂಗಸುಗೂರಿನಲ್ಲಿ ನೆಲೆಸಿರುವುದರಿಂದ ಆ ಮಳಿಗೆಯನ್ನು ಅವನಿಗೇ ಮಾರುವುದೆಂದು ನಿಶ್ಚಯವಾಯಿತು. ಖಾಜಾಸಾಬ್ ಆ ಮಾತನ್ನು ನಂಬಿ, ಮರ ಕೊಯ್ಯುವ ದೊಡ್ಡ ಯಂತ್ರವೊಂದನ್ನು ತರಿಸಿ ಮಳಿಗೆಯ ಮೂಲೆಯಲ್ಲಿ ತಾಡಪತ್ರಿ ಹೊದಿಸಿ ಇಟ್ಟ. ಅದನ್ನು ನೆಲಕ್ಕೆ ಕೂರಿಸಬೇಕಾದರೆ ಆಳವಾಗಿ ಅಗೆದು ಕಾಂಕ್ರೀಟು ಹಾಕಬೇಕು. ನಾನು ಅಗೆದುಕೋ ಎಂದರೆ ಅವನು ಒಪ್ಪಲಿಲ್ಲ. "ಬಾಡಿಗಿ ನೆಲಾ ಅಗೀಬಾರ್ದು ಸರ. ನಮ್ಮಪ್ಪ ಹೇಳಿ ಹೋಗ್ಯಾನ. ಕಾಗದ ನನ್ನ ಹೆಸರಿಗೆ ಆಗ್ಲಿ, ಆ ದಿನಾನ ಗುದ್ದಲಿ ಹಾಕ್ತೀನಿ" ಎಂದ. ಕಾಗದವಾಗಬೇಕಾದರೆ ಅಜ್ಜನ ಮೂಲ ಖರೀದಿಪತ್ರ ಬೇಕು. ಅದು ಸಿಂಧನೂರಿನ ಬ್ಯಾಂಕಿನಲ್ಲಿತ್ತು. ಹಿಂದೆ ನಾನು ಆ ಊರಿನಲ್ಲಿದ್ದಾಗ, ಮನೆಯ ದುರಸ್ತಿಯ ಸಾಲಕ್ಕೆಂದು ಇಟ್ಟದ್ದು. ಸಾಲ ತೀರಿದ ಮೇಲೂ ಅಲ್ಲಿಯೇ ಸುರಕ್ಷಿತವಾಗಿರುತ್ತದೆಂದು ಬಿಟ್ಟದ್ದು. ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಯಾರೂ ಬ್ಯಾಂಕಿನಲ್ಲಿ ಇಡಲಿಲ್ಲ. ಬಹುಶಃ ಅದಕ್ಕೇ ಅದು ಇಟ್ಟ ಕಡೆಯೇ ಇದೆ.

ಬ್ಯಾಂಕಿನಲ್ಲಿ ಮುಕ್ಕುಂದದ ಸುಜಾತಾ ಎಂಬ ಹೆಣ್ಣುಮಗಳು ಕಾಗದಪತ್ರಗಳ ಮೇಜಿನಲ್ಲಿದ್ದರು. ಹೆಸರು, ಪತ್ರದ ವರ್ಷ ಕೇಳಿ ಕಂಪ್ಯೂಟರಿನಲ್ಲಿ ಹುಡುಕಿದರು. ನಡುವೆ ಬ್ಯಾಂಕು ಬೇರೊಂದು ಬ್ಯಾಂಕಿನೊಡನೆ ಸೇರಿ, ಹಳೆಯ ಲಕೋಟೆಗಳೆಲ್ಲ ಒಂದು ಉಗ್ರಾಣಕ್ಕೆ ಹೋಗಿದ್ದವು; ಕಂಪ್ಯೂಟರು ತೋರಿಸಿದ್ದನ್ನು ಮಾತ್ರ ಅಲ್ಲಿಂದ ತರಿಸಬೇಕು.

"ಸರ, ನಿಮ್ಮ ಹೆಸರ್ಲೆ ಒಂದು ಲಕೋಟಿ ತೋರಸಾಕತ್ತೈತ್ರಿ. ಆದ್ರ ನೀವು ಹೇಳಿದ ವರ್ಷದ್ದಲ್ಲ, ಅದರ ಹಿಂದಿನ ವರ್ಷದ್ದು. ತರಿಸಿ ನೋಡೂಣೇನ್ರಿ?"

"ಬೇಡಮ್ಮ, ಅದು ನಂದಲ್ಲ."

"ಒಂದ್ ವರ್ಷ ಹಿಂದಮುಂದ ಇರಬಹುದಲ್ರಿ?"

"ಒಂದು ವರ್ಷ ಅಂದ್ರ ಸಣ್ಣ ಮಾತಲ್ಲವ್ವ. ಒಂದು ವರ್ಷದಾಗ ರಾಜ್ಯ ಬಿದ್ದು ಹೋಗ್ಯಾವ."

ಆ ತಾಯಿ ಒಂದು ಹಾಳೆಯನ್ನು ನನ್ನ ಮುಂದಿಟ್ಟು, "ಹಂಗಾದ್ರ ಅದು ನಿಮ್ದಲ್ಲ ಅಂತ ಒಂದು ಸಾಲು ಬರದು ಸಹಿ ಮಾಡ್ರಿ. ನಾಳೆ ನನ್ನ ಮ್ಯಾಲೆ ಬರಬಾರ್ದು" ಎಂದರು. ಒಂದು ಸಾಲು ಬರೆದು ಅಭ್ಯಾಸವಿಲ್ಲದ ನಾನು ಒಂದೂವರೆ ಪುಟ ಬರೆದು ಸಹಿ ಹಾಕಿದೆ.

ಅನಂತರದ್ದು ಎಲ್ಲರೂ ಬಲ್ಲ ದಾರಿ. ನಾನು ಮನವಿ ಕೊಟ್ಟೆ, ನೆನಪೋಲೆ ಕೊಟ್ಟೆ, ನೆನಪೋಲೆಯ ನೆನಪೋಲೆ ಕೊಟ್ಟೆ. ನೀವು ಹೇಳುವ ವರ್ಷದ ಪತ್ರ ನಮ್ಮಲ್ಲಿಲ್ಲ ಎಂದು ಬ್ಯಾಂಕು ಉತ್ತರ ಕೊಟ್ಟಿತು. ಬ್ಯಾಂಕಿನ ಪತ್ರದಲ್ಲಿ ನಾಲ್ಕು ವಾಕ್ಯಗಳಿದ್ದವು. ನಾನು ಅದರಲ್ಲಿ ಮೂರು ದೋಷಗಳನ್ನು ಗುರುತಿಸಿ ಹಿಂದಕ್ಕೆ ಕಳಿಸಿದೆ. ಕೊನೆಗೆ ರಾಯಚೂರಿನ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಿದೆ. ವಕೀಲರನ್ನು ಇಟ್ಟುಕೊಳ್ಳಲಿಲ್ಲ. ದೂರಿಗೆ ನಾನೇ ಒಂದು ಅನುಬಂಧ ಬರೆದು ಸೇರಿಸಿದೆ. ಅಜ್ಜನ ಪತ್ರ ನಿಜಾಮರ ಕಾಲದ್ದು, ಉರ್ದುವಿನಲ್ಲಿ ಬರೆದದ್ದು, ಅದರ ಮೇಲಿನದು ಫಸಲಿ ವರ್ಷ, ಅಂದರೆ ಅಂದಿನ ಸರ್ಕಾರದ ಕಂದಾಯದ ವರ್ಷ. ಫಸಲಿಗೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆಂದು ಸಾಮಾನ್ಯರು ತಿಳಿದಿರುತ್ತಾರೆ. ಆದರೆ ಆ ವರ್ಷ ಅಕ್ಟೋಬರಿನಲ್ಲಿ ಹುಟ್ಟುವುದರಿಂದ, ಜನವರಿಯಿಂದ ಮುಂದಿನ ತಿಂಗಳುಗಳಿಗೆ ಐನೂರ ತೊಂಬತ್ತೊಂದು ಕೂಡಿಸಬೇಕು. ಅಜ್ಜನ ಪತ್ರ ಫರ್ವರ್ದಿ ತಿಂಗಳಿನದು, ಅಂದರೆ ಫೆಬ್ರವರಿಯ ಸುಮಾರಿನದು. ಈ ಸೂಕ್ಷ್ಮವನ್ನು ಕುರಿತು ನಾನು ಒಮ್ಮೆ ಲೇಖನವನ್ನೇ ಬರೆದು ಹಲವರ ತಪ್ಪುಗಳನ್ನು ಎತ್ತಿ ತೋರಿಸಿದ್ದೆನಾದ್ದರಿಂದ, ಬ್ಯಾಂಕಿಗೂ ಅಷ್ಟನ್ನು ಕಲಿಸುವುದು ಕರ್ತವ್ಯವೆನಿಸಿತು.

ವಿಚಾರಣೆಯ ದಿನಗಳಂದು ನಾನು ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ ಪಕ್ಕದ ಸೀಟಿನ ಮೇಲೆ ಟವೆಲು ಹಾಕಿಕೊಂಡಿರುತ್ತಿದ್ದೆ; ಮಸ್ಕಿಯಲ್ಲಿ ಖಾಜಾಸಾಬ್ ಹತ್ತುತ್ತಿದ್ದ. ಆ ಟವೆಲಿಗಾಗಿ ಮಸ್ಕಿಯವರೆಗೂ ನಾನು ಮಾಡಬೇಕಾದ ವಾದ ಆಯೋಗದಲ್ಲಿ ಮಾಡಿದ ವಾದಕ್ಕಿಂತ ಹೆಚ್ಚಿನದು. ರಾಯಚೂರು ಮುಟ್ಟಿದರೆ ಒಂದು ದಿನ ಸದಸ್ಯರಿಲ್ಲ, ಇನ್ನೊಂದು ದಿನ ಬ್ಯಾಂಕಿನ ವಕೀಲರಿಗೆ ಮದುವೆ, ಅವರದಲ್ಲ, ಯಾರದೋ. ಮತ್ತೊಂದು ದಿನ ಎಲ್ಲರೂ ಇದ್ದರು, ಕರೆಂಟಿರಲಿಲ್ಲ. ನನ್ನ ಮೊಣಕಾಲುಗಳಿಗೆ ಆ ಮೆಟ್ಟಿಲುಗಳ ಸಂಖ್ಯೆ ಬಾಯಿಪಾಠವಾಯಿತು. ಖಾಜಾಸಾಬ್ ಒಂದು ದಿನದ ಕೂಲಿ ಬಿಟ್ಟು ಬಂದು, ಅಲ್ಲಿನ ಬೆಂಚಿನ ಸಡಿಲಾದ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ ಕೂರುತ್ತಿದ್ದ. "ಸರ, ಯಂತ್ರಕ್ಕ ಜಂಗು ಹಿಡ್ಯಾಕತ್ತೈತಿ. ಹಟ್ಟಿ ಗಣಿಯವರು ಐವತ್ತು ಚೌಕಟ್ಟು ಕೇಳಿದ್ರು. ಕೈಲೆ ಆಗೂದಿಲ್ಲ ಅಂತ ವಾಪಸ್ ಕಳಿಸೀನಿ" ಎಂದು ಒಮ್ಮೆ ಮಾತ್ರ ಹೇಳಿದ. ದೂರಿನಂತೆ ಹೇಳಲಿಲ್ಲ. ಅದಕ್ಕೇ ಅಂದು ಬಸ್ ನಿಲ್ದಾಣದಲ್ಲಿ ಕೊಂಡ ಮಿರ್ಚಿಯನ್ನೆಲ್ಲ ಅವನ ಕೈಗೇ ಕೊಟ್ಟೆ.

ಮನೆಯಲ್ಲಿ ಗಿರಿಜಾ, ನನ್ನ ಹೆಂಡತಿ, ಬೇರೆ ಆಯೋಗ ನಡೆಸುತ್ತಿದ್ದಳು. "ಆ ಲಕೋಟಿ ಒಮ್ಮೆ ತೆಗದು ನೋಡಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಕೇಳಿದಳು. ಅನ್ಯರ ಕಾಗದವನ್ನು ತೆರೆಯುವುದು ಸಭ್ಯತೆಯಲ್ಲ ಎಂದು ನಾನು ಹೇಳಿದೆ. "ಮೂವತ್ತು ವರ್ಷ ಮತ್ತೇನು ಮಾಡಿದ್ರಿ ನೀವು? ಮಂದಿ ಕಾಗದನ ಓದಿದ್ರಲ್ಲ!" ಎಂದಳು. 

ಅಂತೂ ಒಂದು ದಿನ ಸದಸ್ಯರು, ವಕೀಲರು, ಕರೆಂಟು ಮೂರೂ ಕೂಡಿಬಂದವು. ಅಧ್ಯಕ್ಷೆಯವರು ನನ್ನ ಅನುಬಂಧವನ್ನು ತಿರುವಿ, "ಇದರಲ್ಲಿ ದೂರು ಯಾವ ಪುಟದಲ್ಲಿದೆ?" ಎಂದು ಕೇಳಿದರು. ತೋರಿಸಿದೆ. ಬ್ಯಾಂಕಿನ ವಕೀಲರು ಎದ್ದು, ದೂರುದಾರರ ಹೆಸರಿನಲ್ಲಿರುವುದು ಒಂದೇ ಲಕೋಟೆ, ಅದನ್ನು ಅವರೇ ಲಿಖಿತವಾಗಿ ತಮ್ಮದಲ್ಲವೆಂದಿದ್ದಾರೆ ಎಂದು ನನ್ನ ಒಂದೂವರೆ ಪುಟವನ್ನು ಮುಂದಿಟ್ಟರು. ಅಧ್ಯಕ್ಷೆಯವರು ಕನ್ನಡಕ ತೆಗೆದು, "ಆ ಲಕೋಟೆಯನ್ನು ಈವರೆಗೆ ಯಾರಾದರೂ ತೆರೆದಿದ್ದೀರಾ?" ಎಂದರು. ಯಾರೂ ತೆರೆದಿರಲಿಲ್ಲ. ಮುಂದಿನ ವಾಯಿದೆಗೆ ತನ್ನಿ ಎಂದು ಆಜ್ಞೆಯಾಯಿತು.

ಮುಂದಿನ ವಾಯಿದೆಗೆ ಸುಜಾತಾ ಅವರೇ ಲಕೋಟೆಯನ್ನು ತಂದು ಮೇಜಿನ ಮೇಲಿಟ್ಟರು. ಅದರ ಮೇಲೆ ಪತ್ರದ ವರ್ಷವನ್ನು ನೀಲಿ ಶಾಯಿಯಲ್ಲಿ ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆಯಲಾಗಿತ್ತು. ಹಾಗೆ ಎರಡು ಗೆರೆ ಎಳೆಯುವವನು ಈ ಜಿಲ್ಲೆಯಲ್ಲಿ ಒಬ್ಬನೇ. ಒಡನೆಯೇ ಎಲ್ಲವೂ ನೆನಪಾಯಿತು. ಸಾಲ ಕೊಟ್ಟ ಅಂದಿನ ಮ್ಯಾನೇಜರು, ಉರ್ದು ತಾರೀಖು ನಮಗೆ ತಿಳಿಯದು, ಇಂಗ್ಲಿಷ್ ವರ್ಷ ನೀವೇ ಬರೆದುಬಿಡಿ ಎಂದಿದ್ದರು. ಆಗಿನ್ನೂ ನಾನು ಆ ಲೇಖನ ಬರೆದಿರಲಿಲ್ಲ. ಸಾಮಾನ್ಯರಂತೆ ಐನೂರ ತೊಂಬತ್ತನ್ನೇ ಕೂಡಿಸಿ, ತಪ್ಪನ್ನು ಎರಡು ಗೆರೆಗಳಿಂದ ಭದ್ರಪಡಿಸಿ ಕೊಟ್ಟಿದ್ದೆ. ಮುಂದೆ ಸೂಕ್ಷ್ಮ ತಿಳಿದ ಮೇಲೆ ನನ್ನ ಟಿಪ್ಪಣಿಗಳನ್ನೆಲ್ಲ ತಿದ್ದಿಕೊಂಡೆ; ಲಕೋಟೆಯನ್ನು ಮರೆತೆ. ಸುಜಾತಾ ಅವರು ಲಕೋಟೆ ಒಡೆದರು. ಖಾಜಾಸಾಬ್ ಬಗ್ಗಿ ಉರ್ದುವಿನ ಮೊದಲ ಸಾಲು ಓದಿ, ನನ್ನ ಅಜ್ಜನ ಹೆಸರು ಹೇಳಿದ. ಆಯೋಗದಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ನಾನು ಇಷ್ಟು ದಣಿಯುತ್ತಿರಲಿಲ್ಲ.

ದೂರನ್ನು ಹಿಂದಕ್ಕೆ ಪಡೆದೆ. ಸುಜಾತಾ ಅವರ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಸರ, ಕಾಗದ ಸಿಕ್ತಲ್ಲ" ಎಂದರು. ಅದಕ್ಕಿಂತ ದೊಡ್ಡ ದಂಡವನ್ನು ಯಾವ ಆಯೋಗವೂ ಹಾಕಲಾರದು. ಮರಳುವಾಗ ಬಸ್ಸು ಮಾನ್ವಿ ದಾಟಿತು. ಖಾಜಾಸಾಬ್ ಮೆಲ್ಲಗೆ, "ಸರ, ನಾವು ಚೀಟ್ಯಾಗ ಅಳತಿ ಬರಕೊಂಡಿದ್ರೂ ಕೊಯ್ಯೂಕಿಂತ ಮುಂಚೆ ಹಲಗಿ ಮ್ಯಾಲೆ ಒಮ್ಮೆ ಗೇಣು ಹಾಕ್ತೀವ್ರಿ" ಎಂದ.

"ನಾ ಹಾಕಲಿಲ್ಲಪ್ಪ."

"ಓದಿದವರು, ಹಾಕೂದಿಲ್ಲ ಬಿಡ್ರಿ" ಎಂದು ಟಿಕೆಟ್ಟನ್ನು ಜೇಬಿಗೆ ಸೇರಿಸಿದ.

ಕಳೆದ ವಾರ ಲಿಂಗಸುಗೂರಿನ ನೋಂದಣಿ ಕಚೇರಿಯಲ್ಲಿ ಮಳಿಗೆ ಅವನ ಹೆಸರಿಗಾಯಿತು. ಪತ್ರ ಬರಹಗಾರ ಹಳೆಯ ಪತ್ರದ ತಾರೀಖು ಕೇಳಿದಾಗ ನಾನು ಬಾಯಿ ತೆರೆಯುವುದರೊಳಗೆ ಖಾಜಾಸಾಬ್ ಮೂಲ ಕಾಗದವನ್ನೇ ಅವನ ಮುಂದೆ ಹರಡಿ, ಬೆರಳಿಟ್ಟು ತಾನೇ ಓದಿ ಹೇಳಿದ. ಸಹಿಗಳಾದವು, ಹೆಬ್ಬೆಟ್ಟುಗಳಾದವು. ಅವನು ಅಲ್ಲಿಂದಲೇ ಮಳಿಗೆಗೆ ಫೋನು ಮಾಡಿ, "ಏ, ಗುದ್ದಲಿ ಹಾಕ್ರಿ ಇನ್ನ" ಎಂದು ಕೂಗಿದ. ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನಾನು ಮನೆಗೆ ಬಂದು ಪತ್ರದ ಪ್ರತಿಯನ್ನು ಓದಲು ಕೂತೆ. ಎರಡನೆಯ ಪುಟದಲ್ಲಿ ಬರಹಗಾರ ಅಂದಿನ ತಾರೀಖನ್ನು ಸರಿಯಾಗಿ ಬರೆದು, ಬುಧವಾರವೆಂದು ಬರೆಯಬೇಕಾದ ಕಡೆ ಗುರುವಾರವೆಂದು ಬರೆದಿದ್ದಾನೆ. ಕೈ ತಾನಾಗಿ ಪೆನ್ನಿನತ್ತ ಹೋಯಿತು. ಗಿರಿಜಾ ಒಳಗಿನಿಂದ, "ಎಲ್ಲಾ ಬರೋಬರಿ ಐತೇನ್ರೀ?" ಎಂದು ಕೇಳಿದಳು. "ಐತಿ" ಎಂದೆ. ಇಂದಿಗೆ ಐದು ದಿನವಾಯಿತು, ನಾನು ಯಾರಿಗೂ ಹೇಳಿಲ್ಲ. ಹಿಂದಿನ ದಾವೆಯನ್ನು ಹೂಡಲು ಇದರ ಅರ್ಧದಷ್ಟೂ ಶ್ರಮವಾಗಿರಲಿಲ್ಲ.