ಅಧಿಕೃತ ಮನುಷ್ಯನ ದಿನಕ್ಕೊಂದು ತಪ್ಪು

ಯಂತ್ರದ ತೀರ್ಮಾನಗಳಿಂದ ಮನುಷ್ಯರ ಹಕ್ಕುಗಳಿಗೆ ಧಕ್ಕೆಯಾಗಬಾರದೆಂದು ಕಾನೂನು ಬಂದ ಮೇಲೆ, ಚಿಕಿತ್ಸಾ ನೆರವಿನ ಕಚೇರಿಯಲ್ಲಿ ಒಬ್ಬ ಮನುಷ್ಯನನ್ನು ನೇಮಿಸಲಾಯಿತು. ಹುದ್ದೆಯ ಹೆಸರೂ ಅದೇ: ಅಧಿಕೃತ ಮನುಷ್ಯ. ಕಚೇರಿಯಲ್ಲಿದ್ದ ಉಳಿದವರೆಲ್ಲ ಈಗಾಗಲೇ ಬೇರೆ ಹುದ್ದೆಗಳಲ್ಲಿದ್ದುದರಿಂದ ಯಾರೂ ಮನುಷ್ಯರಾಗಲು ಅರ್ಹರಾಗಲಿಲ್ಲ. ಕೊನೆಗೆ, ಗುಂಡಿ ಒತ್ತಿದ ಅನುಭವವಿದೆಯೆಂದು ಲಿಫ್ಟ್ ನಡೆಸುವವನನ್ನೇ ಆರಿಸಿದರು.

ಯಾರಿಗೆ ನೆರವು, ಯಾರಿಗೆ ಇಲ್ಲ ಎಂಬುದನ್ನು ಯಂತ್ರ ತೀರ್ಮಾನಿಸುತ್ತಿತ್ತು. 'ಮನುಷ್ಯ ನೋಡಿದ್ದಾನೆ' ಎಂಬ ಹಸಿರು ಗುಂಡಿ ಒತ್ತುವುದು ಅವನ ಕೆಲಸ. ತೀರ್ಮಾನವನ್ನು ತಿರುಗಿಸಲು ಕೆಂಪು ಗುಂಡಿಯೂ ಇತ್ತು. ಅಪ್ಪಿತಪ್ಪಿ ಯಾರಿಗಾದರೂ ಉಪಯೋಗವಾದೀತೆಂದು ಅದಕ್ಕೊಂದು ಮುಚ್ಚಳ ಹಾಕಿದ್ದರು. ಬೆಳಿಗ್ಗೆ ಹಸಿರು ಗುಂಡಿಯ ಮೇಲಿಟ್ಟ ಬೆರಳನ್ನು ಅವನು ಊಟದ ಹೊತ್ತಿಗೇ ಎತ್ತುತ್ತಿದ್ದದ್ದು.

ತಪಾಸಣಾ ಸಮಿತಿಗೆ ಇದು ಸರಿಕಾಣಲಿಲ್ಲ. ಇಷ್ಟು ದಿನ ಒಂದೂ ತಪ್ಪು ಮಾಡದವನು ಮನುಷ್ಯ ಹೌದೋ ಅಲ್ಲವೋ ಎಂದು ಅಧ್ಯಕ್ಷರಿಗೆ ಅನುಮಾನ ಬಂತು. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂದು ಅವನು ಗಾದೆ ಹೇಳಿದ. ಸಂಬಳ ಕೊಡುತ್ತಿರುವುದೇ ಕುಳಿತು ಎಡವುವುದಕ್ಕೆ ಎಂದ ಅಧ್ಯಕ್ಷರು ಅಲ್ಲೇ ನಿಯಮ ಬರೆಸಿದರು: "ಅಧಿಕೃತ ಮನುಷ್ಯನು ದಿನಕ್ಕೊಂದು ತಪ್ಪು ಮಾಡತಕ್ಕದ್ದು. ಯಂತ್ರದ ತೀರ್ಮಾನವನ್ನು ತಿರುಗಿಸುವುದನ್ನು ತಪ್ಪೆಂದು ಪರಿಗಣಿಸಲಾಗುವುದು. ತಪ್ಪು ಉದ್ದೇಶಪೂರ್ವಕವಾಗಿರತಕ್ಕದ್ದಲ್ಲ."

ಮರುದಿನವೇ ಅವನ ಅಕ್ಕನ ಅರ್ಜಿ ಬಂತು. ಅಪ್ಪ ಅಮ್ಮ ಹೋದ ಮೇಲೆ ಬಟ್ಟೆ ಹೊಲಿದು ಅವನನ್ನು ಸಾಕಿದವಳು. ಈಗ ಕಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಪೋಣಿಸಲಾಗದೆ ಮೂಲೆ ಹಿಡಿದಿದ್ದಳು. ಯಂತ್ರ ಅರ್ಜಿಯನ್ನು ತಿರಸ್ಕರಿಸಿತ್ತು. ಕಾರಣ: ಅರ್ಜಿದಾರರು ಪರದೆಯ ಮೇಲಿನ ಸೂಚನೆಗಳನ್ನು ಓದಿಲ್ಲ. ಅವನು ಮುಚ್ಚಳ ತೆಗೆದು ಕೆಂಪು ಗುಂಡಿ ಒತ್ತಿಯೇಬಿಟ್ಟ.

ಸಂಜೆಯೊಳಗೆ ವಿಚಾರಣೆ ನಡೆಯಿತು. ಅಕ್ಕನನ್ನೂ ಕರೆಸಿ ಕೂರಿಸಿದ್ದರು.

"ಇವರಿಗೆ ಕಣ್ಣು ಕಾಣಲ್ಲ ಅಂತ ನಿಮಗೆ ಗೊತ್ತಿತ್ತಾ?" ಎಂದರು ಅಧ್ಯಕ್ಷರು. ಗೊತ್ತಿದ್ದು ಮಾಡಿದ್ದರೆ ಅದು ಸರಿಯಾದ ತೀರ್ಮಾನವಾಗುತ್ತದೆ, ಸರಿಯಾದ ತೀರ್ಮಾನ ಯಂತ್ರದ ವ್ಯಾಪ್ತಿಗೆ ಬರುತ್ತದೆ, ಆದ್ದರಿಂದ ನೆರವು ರದ್ದಾಗುತ್ತದೆ ಎಂದು ಬಿಡಿಸಿಯೂ ಹೇಳಿದರು.

ಅವನು ಅಕ್ಕನನ್ನು ನೋಡಿದ. ಅಕ್ಕ ಅವನಿದ್ದಾನೆಂದುಕೊಂಡು ಬೀರುವಿನ ಕಡೆ ನೋಡಿ ನಗುತ್ತಿದ್ದಳು.

"ಗೊತ್ತಿರ್ಲಿಲ್ಲ ಸಾರ್. ಇವರು ಯಾರು ಅನ್ನೋದೂ ಗೊತ್ತಿಲ್ಲ. ಕೈ ಜಾರಿತು."

"ಚಿಕ್ಕಂದಿನಿಂದ್ಲೂ ಅವನು ಹಾಗೇನೇ ಸಾರ್," ಎಂದಳು ಅಕ್ಕ. "ಏನು ಕೊಟ್ರೂ ಬೀಳಿಸ್ತಾನೆ."

ಪರಿಚಯವೇ ಇಲ್ಲದವರೂ ಒಪ್ಪುವಂಥ ಅಜಾಗರೂಕತೆ ಎಂದು ಸಮಿತಿ ದಾಖಲಿಸಿಕೊಂಡಿತು. ಅಪ್ಪಟ ತಪ್ಪು ಸಿಕ್ಕ ಸಂತೋಷಕ್ಕೆ ಸದಸ್ಯರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅಕ್ಕನಿಗೆ ಶಸ್ತ್ರಚಿಕಿತ್ಸೆಯಾಯಿತು. 'ತಮ್ಮ ದೃಷ್ಟಿಯು ಕಣ್ತಪ್ಪಿನಿಂದ ಮಂಜೂರಾಗಿರುತ್ತದೆ, ವಿಷಾದಿಸುತ್ತೇವೆ' ಎಂಬ ಕಚೇರಿಯ ಪತ್ರವನ್ನು ಅವಳು ಕನ್ನಡಕವಿಲ್ಲದೆ ಓದಿದಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಬೆಳಗಾದರೆ ಕಿಟಕಿಯ ಮುಂದೆ ಸಾಲು. ಹಕ್ಕು ಕೊಡಿ ಎಂದು ಯಾರೂ ಗಂಟಲು ಹರಿದುಕೊಳ್ಳುತ್ತಿರಲಿಲ್ಲ. ಅಣ್ಣಾ, ಇವತ್ತು ನಮ್ಮ ಅರ್ಜಿ ಮೇಲೊಂದು ಸಲ ಎಡವಣ್ಣಾ ಎಂದು ಮೆತ್ತಗೆ ಕೇಳುತ್ತಿದ್ದರು. ಯಾರ ಮುಖವನ್ನೂ ನೋಡಬಾರದೆಂದು ಅವನು ಕಣ್ಣು ಮುಚ್ಚಿ ಕೆಂಪು ಗುಂಡಿ ಒತ್ತುತ್ತಿದ್ದ. ಮುಚ್ಚಿದ ಕಣ್ಣಲ್ಲೂ ನೀರು ಬರುತ್ತಿತ್ತು. ಒತ್ತಿದ ಕೂಡಲೇ ಜವಾನ ಬಂದು ಬೋರ್ಡು ತೂಗುಹಾಕುತ್ತಿದ್ದ: ಇಂದಿನ ತಪ್ಪು ಮುಗಿದಿದೆ.

ಸಾಲಿನಲ್ಲಿದ್ದವರು ಆ ದಿನದ ಅದೃಷ್ಟವಂತನ ಕೈಕುಲುಕಿ, ನಾಳೆ ಬೇಗ ಬರೋಣವೆಂದು ಚದುರುತ್ತಿದ್ದರು. ಎದೆಯ ಎಕ್ಸ್‌ರೇ ಕಂಕುಳಲ್ಲಿಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಕೆಮ್ಮುತ್ತಲೇ ಸೊಸೆಯ ಕೈ ಹಿಡಿದು ಮೆಟ್ಟಿಲಿಳಿದಳು.

"ಏನೇ ಅನ್ನು, ಕಾನೂನು ಬಂದಿದ್ದು ಒಳ್ಳೇದಾಯ್ತು ಕಣಮ್ಮ. ಮುಂಚೆ ಇಲ್ಲಿ ಒಂದು ತಪ್ಪೂ ಆಗ್ತಿರ್ಲಿಲ್ಲ."