ಬೆರಕೆಯಿಲ್ಲದ ಹೆಂಡ ಮತ್ತು ನನ್ನ ಬೆಸುಗೆ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ತಗಡು ಹಿಡಿದೆ. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ. ಸೀಮೆಎಣ್ಣೆ ಡಬ್ಬ, ಆಲಿಕೆ, ಬಕೀಟು, ಟ್ರಂಕು, ಯಾವುದು ಬೇಕಾದರೂ ಮಾಡಿಕೊಡುತ್ತೇನೆ. ನನ್ನ ಬೆಸುಗೆ ಸೋರಿದ್ದನ್ನು ಈ ತಾಲ್ಲೂಕಿನಲ್ಲಿ ಯಾರೂ ಕಂಡಿಲ್ಲ. ಇದು ಜಂಬವಲ್ಲ, ಮಾಹಿತಿ.

ಇನ್ನೂ ಒಂದು ಮಾಹಿತಿ ಉಂಟು. ನಲವತ್ತೊಂದನೇ ವಯಸ್ಸಿನವರೆಗೆ ನಾನು ಹೆಂಡದಂಗಡಿಯ ಮೆಟ್ಟಿಲು ಹತ್ತಿದವನಲ್ಲ. ನಮ್ಮಪ್ಪ ಇಳಿದವನಲ್ಲ.

ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷವಾಗಿತ್ತು, ಅಪ್ಪ ತೀರಿಕೊಂಡ. ಕೊನೆಯ ಎರಡು ವರ್ಷ ಅವನು ಹೆಂಡ ಬಿಟ್ಟಿದ್ದ. ಬುದ್ಧಿ ಬಂದು ಬಿಟ್ಟದ್ದಲ್ಲ, ಬೆರಕೆ ಹೆಚ್ಚಾಯಿತೆಂದು ಬಿಟ್ಟದ್ದು. ನೀರು, ಸ್ಯಾಕ್ರೀನು, ಅಮಲು ಏರಲಿ ಅಂತ ಯಾವುದೋ ಪುಡಿ. "ಇದು ಹೆಂಡ ಅಲ್ಲಪ್ಪ, ದವಾಖಾನೆ ನೀರು" ಎಂದು ಲೋಟ ಕೆಳಗಿಟ್ಟು ಎದ್ದು ಬಂದವನು ಮತ್ತೆ ಹೋಗಲಿಲ್ಲ. ಸಾಯುವ ಹಿಂದಿನ ವಾರ ನನ್ನನ್ನು ಮಂಚದ ಹತ್ತಿರ ಕರೆದು, "ಎಲ್ಲಿಂದಾದ್ರೂ ಒಂದು ಲೋಟ ಸಾಚಾ ಈಚಲ ಹೆಂಡ ತಂದುಕೊಡೋ ಹಾಲೇಶ" ಎಂದು ಕೇಳಿದ. ಜೀವಮಾನದಲ್ಲಿ ಅವನು ನನ್ನಲ್ಲಿ ಕೇಳಿದ್ದು ಅದೊಂದೇ. ನಾನು ಗಂಭೀರವಾಗಿ, "ನನ್ನ ಕೈಯಾಗೆ ಅಂಥ ಕೆಲಸ ಆಗಲ್ಲಪ್ಪ" ಎಂದೆ. ಬೇಕಾದರೆ ಎಳನೀರು ತರುತ್ತೇನೆ ಎಂದೂ ಸೇರಿಸಿದೆ. ಅಪ್ಪ ಗೋಡೆಯ ಕಡೆ ಹೊರಳಿದ.

ಈ ಮಾತು ಬಾಗಿಲ ಹಿಂದೆ ನಿಂತಿದ್ದ ಅವ್ವನ ಕಿವಿಗೆ ಬಿದ್ದಿತ್ತು.

ಹಿರಿಯರ ಹಬ್ಬದ ಅಮಾವಾಸ್ಯೆಯಂದು ತೀರಿಕೊಂಡವರಿಗೆ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಬದುಕಿದ್ದಾಗ ಅವರಿಗೆ ಏನೇನು ಪ್ರೀತಿಯೋ ಅದೆಲ್ಲ ಕಳಸದ ಮುಂದೆ ಬರಬೇಕು. ಬೀಡಿ ಸೇದುವವರಿಗೆ ಬೀಡಿ, ಎಲೆಯಡಿಕೆಯವರಿಗೆ ಎಲೆಯಡಿಕೆ. ಅಪ್ಪನಿಗೆ ಮೊದಲ ವರ್ಷದ ಎಡೆ. ಹಬ್ಬಕ್ಕೆ ಹತ್ತು ದಿನ ಇರುವಾಗಲೇ ಅವ್ವ ಜಗಲಿಯ ಮೇಲೆ ಕೂತು ಎಲ್ಲರ ಮುಂದೆ ಹೇಳಿದಳು:

"ಬೆರಕೆ ಇಲ್ಲದ ಹೆಂಡ ತಂದ್ರೆ ಎಡೆ. ಇಲ್ಲಾಂದ್ರೆ ಬರೀ ಲೋಟ ಇಡ್ತೀನಿ. ಮಗ ತರಲಿಲ್ಲ ಅಂತ ಅವ್ನೂ ನೋಡ್ಕಳ್ಳಿ."

"ಅದೇನು ಬ್ರಹ್ಮವಿದ್ಯೆನಾ ಅವ್ವ? ಒಂದಿನದ ಕೆಲಸ" ಎಂದೆ ನಾನು.

ಅಪ್ಪನ ಜೊತೆಗಾರ ದುರುಗಪ್ಪಮಾವ ಎದುರು ಮನೆಯವನು. ನಲವತ್ತು ವರ್ಷ ಅಪ್ಪನ ಪಕ್ಕದಲ್ಲಿ ಕೂತು ಕುಡಿದ ಅನುಭವಸ್ಥ. "ಹಾಲೇಶ, ನಾನೂ ಬರ್ತೀನೋ. ಕುಡಿಯಾಕಲ್ಲ, ರುಚಿ ಹೇಳಾಕೆ" ಎಂದ.

ಕುಡುಕರ ಸಹವಾಸ ಮಾಡುವವನಲ್ಲ ನಾನು. ಬೇಡವೆಂದೆ. ಹೆಂಡದ ರುಚಿಯೇ ಗೊತ್ತಿಲ್ಲದವನು ಹೆಂಡದ ಪರೀಕ್ಷೆಗೆ ಒಬ್ಬನೇ ಹೊರಟದ್ದು ಹೀಗೆ.

ಮೊದಲು ನಮ್ಮೂರಿನ ಅಂಗಡಿ. ಗುರುತು ಸಿಗಬಾರದೆಂದು ಟವೆಲ್ ಮುಸುಕು ಹಾಕಿಕೊಂಡು, ಬಗ್ಗಿ ಒಳಗೆ ಹೋದೆ. ಬೆಂಚಿನ ಮೇಲಿದ್ದ ಆರು ಮಂದಿಯೂ ಎದ್ದು ನಿಂತರು.

"ಬರ್ರಿ ಹಾಲೇಶಣ್ಣ. ಏಯ್, ಸರೀರೋ ಅತ್ಲಾಗೆ. ಅವರಪ್ಪನ ಜಾಗ ಬಿಡ್ರಿ ಅವ್ರಿಗೆ."

ಅಪ್ಪನ ಜಾಗವೆಂದರೆ ಮೂಲೆಯ ಗೋಡೆ. ಬೆನ್ನು ಆನಿಸಿ ಆನಿಸಿ ಅಲ್ಲಿ ಸುಣ್ಣ ಹೋಗಿ ಎಣ್ಣೆಯ ಗುರುತಾಗಿತ್ತು. ಅದಕ್ಕೆ ತಾಗದಂತೆ ನಾನು ಅಟೆನ್ಷನ್ನಿನಲ್ಲಿ ಕೂತೆ. ಡಬ್ಬ ಸೋರುತ್ತದೆಯೇ ಎಂದು ಪರೀಕ್ಷಿಸಲು ನನಗೆ ಹತ್ತು ದಾರಿ ಗೊತ್ತು. ಹೆಂಡ ಸಾಚಾವೇ ಎಂದು ನೋಡಲು ಒಂದೂ ಗೊತ್ತಿರಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಅದು ಮೂಗಿನಿಂದ ಹೊರಗೆ ಬಂತು.

"ಬೆರಕೆ" ಎಂದು ತೀರ್ಪು ಕೊಟ್ಟೆ.

ಅಂಗಡಿಯವನಿಗೆ ಸಿಟ್ಟು ಬಂತು. "ಹೆಂಗೆ ಹೇಳ್ತೀರಿ?"

"ಚೆನ್ನಾಗಿಲ್ಲ."

"ಚೆನ್ನಾಗಿರಾದು ಹೆಂಗಿರ್ತೈತೆ, ಹೇಳ್ರಿ ನೋಡಾಣ."

ಈ ಪ್ರಶ್ನೆಗೆ ನಾನು ತಯಾರಾಗಿ ಹೋಗಿರಲಿಲ್ಲ. ಎದ್ದು ಬಂದೆ.

ಎರಡು ದಿನ ಬಿಟ್ಟು ಹೊನ್ನಾಳಿಗೆ ಹೋದೆ. ಅಲ್ಲಿ ಹೊಳೆಯ ಹತ್ತಿರದ ಅಂಗಡಿಯಲ್ಲಿ ಕೊಟ್ಟ ಹೆಂಡ ಬಾಯಿಗಿಟ್ಟ ಕೂಡಲೇ ಹಿತವಾಯಿತು. ಸಿಹಿ, ತಂಪು. ಇದೇ ಸಾಚಾ ಎಂದು ಮನಸ್ಸು ಹೇಳಿತು. ಒಂದೇ ಲೋಟಕ್ಕೆ ನಿರ್ಧಾರಕ್ಕೆ ಬರುವುದು ಸರಿಯಲ್ಲವೆಂದು ಇನ್ನೊಂದು ಕುಡಿದೆ. ಎರಡೂ ಒಂದೇ ರೀತಿ ಇವೆಯೇ ಎಂದು ತಿಳಿಯಲು ಮೂರನೆಯದು. ಅಲ್ಲಿಗೆ ಖಾತ್ರಿಯಾಯಿತು. ಮನೆಯಿಂದ ತಂದಿದ್ದ ಡಬ್ಬದ ತುಂಬ ಹೆಂಡ ತುಂಬಿಸಿಕೊಂಡು, ಪಕ್ಕದಲ್ಲಿ ಕೂತಿದ್ದ ಮೀನು ಹಿಡಿಯುವ ಮುದುಕನಿಗೆ, "ಇದಪ್ಪ ಬೆರಕೆ ಇಲ್ಲದ ಮಾಲು" ಎಂದೆ.

ಮುದುಕ ನನ್ನ ಮುಖವನ್ನು ಬಹಳ ಕನಿಕರದಿಂದ ನೋಡಿದ. "ಯಜಮಾನ್ರೆ, ನೀವು ಮೆಚ್ಚಿರಾದು ಹೆಂಡಾನಲ್ಲ. ಸ್ಯಾಕ್ರೀನ್ನ."

ಎದ್ದು ಜಗಳವಾಡಬೇಕೆಂದುಕೊಂಡೆ. ಎದ್ದೆ. ಜಗಳಕ್ಕೆ ಬೇಕಾದ ಕಾಲುಗಳು ಎಲ್ಲಿವೆ ಎಂದು ಹುಡುಕುವುದರಲ್ಲಿ ಹೊತ್ತು ಹೋಯಿತು. ಡಬ್ಬವನ್ನು ಹೊಳೆಯ ಮರಳಿಗೆ ಬಗ್ಗಿಸಿ, ಒಂದು ಕರೆಂಟು ಕಂಬದಿಂದ ಇನ್ನೊಂದು ಕಂಬಕ್ಕೆ ನಡೆಯುತ್ತಾ ಬಸ್ ಸ್ಟ್ಯಾಂಡು ಸೇರಿದೆ. ಆ ರಸ್ತೆಯಲ್ಲಿ ಎಷ್ಟು ಕಂಬಗಳಿವೆ ಎಂದು ಅವತ್ತು ಕೇಳಿದ್ದರೆ ಹೇಳುತ್ತಿದ್ದೆ.

ನ್ಯಾಮತಿ ನನ್ನ ಹೆಂಡತಿ ಗಂಗಮ್ಮನ ತವರು. ಅಲ್ಲಿಯ ಅಂಗಡಿಯವನು ನಿಯತ್ತಿನವನೆಂದು ಕೇಳಿದ್ದೆ. ನನ್ನ ತಲೆಯಲ್ಲಿ ಅಪ್ಪನ ಎಡೆ ಬಿಟ್ಟರೆ ಬೇರೇನೂ ಇರಲಿಲ್ಲವಾದ್ದರಿಂದ, ಬಸ್ಸಿಳಿದವನು ನೇರ ಅಂಗಡಿಗೆ ನಡೆದೆ. ಎರಡು ಊರು ನೋಡಿ ಬಂದವನೆಂದು ತಿಳಿದು ಅಲ್ಲಿಯವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಮುಂದೆ ಮೂರು ಮಡಕೆ ಇಟ್ಟು ಯಾವುದು ಒಳ್ಳೆಯದು ಎಂದು ಕೇಳಿದರು. ನಾನು ಕಣ್ಣು ಮುಚ್ಚಿ ಒಂದೊಂದೇ ಗುಟುಕು ಕುಡಿದು ನಡುವಿನದನ್ನು ತೋರಿಸಿದೆ. ಎಲ್ಲರೂ ನಕ್ಕರು. ಅದು ಲೋಟ ತೊಳೆಯುವ ನೀರಿನ ಮಡಕೆ.

ಅಂಗಡಿಯವನೊಬ್ಬನೇ ನಗಲಿಲ್ಲ. ಪಕ್ಕಕ್ಕೆ ಕರೆದು ಹೇಳಿದ: "ಅಣ್ಣಾರೆ, ಹಿರೇರ ಎಡೆಗೆ ಅಂತೀರಿ, ಸುಳ್ಳು ಹೇಳಲ್ಲ. ಅಂಗಡಿಗೆ ಬರಾದ್ರಾಗೆ ಹೆಂಡ ಕೆಟ್ಟಿರ್ತೈತೆ. ಮರದ ಬುಡಕ್ಕೇ ಹೋಗ್ರಿ. ಜಗಳೂರ ಕಡೆ ಈಚಲುವನ ಐತೆ. ಬೆಳಿಗ್ಗೆ ಇಳಿಸಿದ್ದನ್ನ ಅಲ್ಲೇ ತಗಳ್ರಿ."

ಆ ಪುಣ್ಯಾತ್ಮನಿಗೆ ಕೈ ಮುಗಿದು ಹೊರಗೆ ಬಂದೆ. ಎದುರಿಗೆ ಸೈಕಲ್ ಹಿಡಿದುಕೊಂಡು ಗಂಗಮ್ಮನ ಅಣ್ಣ ನಿಂತಿದ್ದ. ನನ್ನನ್ನು ನೋಡಿದ. ಡಬ್ಬ ನೋಡಿದ. ಅಂಗಡಿಯ ಬೋರ್ಡು ನೋಡಿದ. ಸೈಕಲ್ ಹತ್ತಿದ.

ಸುದ್ದಿ ನನಗಿಂತ ಮೊದಲಿನ ಬಸ್ಸಿಗೇ ಚನ್ನಗಿರಿ ಮುಟ್ಟಿತ್ತು. ಗಂಗಮ್ಮ ಬಾಗಿಲಲ್ಲೇ ನಿಂತಿದ್ದಳು.

"ಕುಡುದ್ರಿ, ಹೋಗ್ಲಿ. ನಮ್ಮೂರಿಗೆ ಹೋಗಿ ನಮ್ಮನೆ ಬಾಗ್ಲಿಗೆ ಹೋಗ್ಲಿಲ್ವಲ್ಲ ನೀವು. ನಮ್ಮವ್ವ ಏನು ತಪ್ಪು ಮಾಡಿದ್ಲು?"

"ನಾನು ಹೋಗಿದ್ದು ಪರೀಕ್ಷೆಗೆ ಗಂಗೀ."

"ಪರೀಕ್ಷೆನಾ? ನಾಕನೇ ಕ್ಲಾಸಿಗೆ ಬಿಟ್ಟೋರು ಈಗ ಊರೂರ ಮೇಲೆ ಪರೀಕ್ಷೆ ಕಟ್ಟಾಕೆ ಹೊಂಟೀರಾ?"

ಮೂರು ದಿನ ನನ್ನ ತಟ್ಟೆ ತಾನಾಗಿಯೇ ಅಡುಗೆಮನೆಯಿಂದ ಬರಲಿಲ್ಲ. ನಾನೇ ಹೋಗಿ ತಂದುಕೊಂಡೆ. ಅವ್ವ ಮಾತ್ರ ಒಂದೇ ಮಾತು ಕೇಳಿದಳು: "ಸಿಕ್ತೇನೋ?" ಇಲ್ಲವೆಂದೆ. ಅವಳು ಅಪ್ಪನ ಹಿತ್ತಾಳೆ ಲೋಟಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಲೇ ಇದ್ದಳು. ಆ ಸದ್ದು ಕೇಳಲಾರದೆ ನಾನು ತಟ್ಟೆ ಹಿಡಿದು ಹಿತ್ತಲಿಗೆ ಹೋಗಿ ಉಂಡೆ.

ಅಮಾವಾಸ್ಯೆಯ ಹಿಂದಿನ ದಿನ ಜಗಳೂರಿಗೆ ಹೋಗಿ ಗುರುತಿನವರ ಮನೆಯಲ್ಲಿ ಉಳಿದೆ. ಬೆಳಗ್ಗೆ ಹೊಸ ಡಬ್ಬ ಹಿಡಿದು, ಚೀಲದಲ್ಲಿ ನನ್ನ ಬೆಸುಗೆ ಸಾಮಾನು ಇಟ್ಟುಕೊಂಡು ಈಚಲುವನಕ್ಕೆ ನಡೆದೆ. ಓಬಜ್ಜ ಎಂಬ ಮುದುಕ ಮರದಿಂದ ಮಡಕೆ ಇಳಿಸುತ್ತಿದ್ದ. ಅಪ್ಪನ ವಿಷಯ ಹೇಳಿದೆ. ಅವನು ಈಚಲ ಗರಿಯಿಂದ ನೊರೆ ಸರಿಸಿ ನನ್ನ ಬೊಗಸೆಗೆ ಹೊಯ್ದ.

ಕುಡಿದೆ. ಸಿಹಿ ಇತ್ತು, ಆದರೆ ಸ್ಯಾಕ್ರೀನಿನ ಹಾಗೆ ನಾಲಿಗೆಗೆ ಅಂಟಲಿಲ್ಲ. ಹುಳಿ ಇತ್ತು, ಆದರೆ ಮೂಗಿಗೆ ಏರಲಿಲ್ಲ. ನಲವತ್ತು ವರ್ಷ ಅಪ್ಪ ಯಾವುದಕ್ಕಾಗಿ ಆ ಮೂಲೆಯ ಗೋಡೆಗೆ ಆನಿಕೊಂಡಿದ್ದನೆಂದು ಒಂದು ಬೊಗಸೆಯಲ್ಲಿ ಗೊತ್ತಾಯಿತು. ಎಳನೀರು ತರುತ್ತೇನೆ ಎಂದಿದ್ದೆನಲ್ಲ ಎಂದು ಆ ಮರದ ಕೆಳಗೆ ನಿಂತು ನೆನೆಸಿಕೊಂಡೆ.

ಡಬ್ಬ ತುಂಬಿಸಿ ಓಬಜ್ಜ ಹೇಳಿದ: "ಬಾಯಿ ಬಿಗೀಬ್ಯಾಡಪ್ಪ. ಒಂದು ಹಿಡಿ ಸೊಪ್ಪು ತುರುಕು ಸಾಕು. ಅದಕ್ಕೆ ಉಸಿರಾಡಾಕೆ ಬೇಕು."

ನನ್ನ ಡಬ್ಬದ ಬಾಯಿಗೆ ಸೊಪ್ಪು! ಮೂವತ್ತು ವರ್ಷದ ಕೆಲಸಗಾರನಿಗೆ ಹೇಳುವ ಮಾತೇ ಇದು? ಸೊಪ್ಪು ತುರುಕಿದರೆ ದಾರಿಯಲ್ಲಿ ತುಳುಕುತ್ತದೆ. ಹಾಲೇಶ ದಾರಿಯಲ್ಲಿ ಕುಡಿದು ನೀರು ಸೇರಿಸಿದ ಎಂದು ನ್ಯಾಮತಿಯ ಕಡೆಯವರು ಹೇಳುತ್ತಾರೆ. ಅವ್ವನ ಕಣ್ಣ ಮುಂದೆ, ಎಡೆಯ ಮುಂದೆ, ನಾನೇ ಒಡೆದು ತೆಗೆಯುವ ಹಾಗಿರಬೇಕು. ಬಸ್ ನಿಲ್ಲುವಲ್ಲಿನ ಹೋಟೆಲಿನ ಒಲೆಯಲ್ಲಿ ಬೆಸುಗೆ ಕಡ್ಡಿ ಕಾಯಿಸಿ, ನವಸಾಗರದ ಉಪ್ಪು ಒತ್ತಿ, ಸೀಸ ಹಾಯಿಸಿ, ಮುಚ್ಚಳದ ಸುತ್ತ ಒಂದು ಇರುವೆಯೂ ನುಸುಳದಂತೆ ಬೆಸುಗೆ ಹಾಕಿದೆ. ನನ್ನ ಜೀವಮಾನದ ಅತ್ಯುತ್ತಮ ಬೆಸುಗೆ ಅದು. ಹೋಟೆಲಿನವನೂ ಹೊಗಳಿದ.

ದಾವಣಗೆರೆಯಲ್ಲಿ ಬಸ್ಸು ಬದಲಾಯಿಸುವವರೆಗೆ ಡಬ್ಬ ಮೌನವಾಗಿತ್ತು. ಸಂತೇಬೆನ್ನೂರು ಹತ್ತಿರ ಬರುತ್ತಿದ್ದಂತೆ ನನ್ನ ತೊಡೆಯ ಮೇಲೆ 'ಟಣ್' ಎಂದಿತು. ತಳ ಹೊರಗೆ ಉಬ್ಬಿತು. ಇನ್ನೊಂದು 'ಟಣ್'ಗೆ ಹೊಟ್ಟೆ ಉಬ್ಬಿತು. ಪಕ್ಕದಲ್ಲಿ ಬಿಳಿ ಪಂಚೆ, ಬಿಳಿ ಅಂಗಿಯ ಮೇಷ್ಟರೊಬ್ಬರು ಕೂತಿದ್ದರು.

"ಏನ್ರಿ ಅದು? ದಪ್ಪ ಆಗ್ತಾ ಐತಲ್ಲ."

"ಪೂಜೆ ಸಾಮಾನು ಸಾರ್."

"ಜೀವ ಐತೇನ್ರಿ ಅದಕ್ಕೆ?"

ಮೇಷ್ಟರು ಸೀಟಿನ ತುದಿಗೆ ಸರಿದರು. ನಾನು ಎರಡೂ ಕೈಯಿಂದ ಡಬ್ಬವನ್ನು ಎದೆಗೆ ಅವುಚಿಕೊಂಡೆ. ಅದು ಒಳಗಿಂದ ನನ್ನನ್ನು ನೂಕುತ್ತಿತ್ತು. ಕಂಡಕ್ಟರ್ ಹತ್ತಿರ ಬಂದು, "ಇಟ್ಕಳ್ರಿ ಕೆಳಗೆ" ಎಂದ. ಆಗದು, ಇದು ನಮ್ಮಪ್ಪನದು ಎಂದೆ. ಅವನು ಇನ್ನೇನೋ ಹೇಳಲು ಬಾಯಿ ತೆರೆದ.

ಡಬ್ಬ ಸಿಡಿಯಿತು.

ಮೊದಲು ಬಸ್ಸಿನಲ್ಲಿ ಯಾರಿಗೂ ಏನೂ ಕಾಣಲಿಲ್ಲ, ನೊರೆ ಬಿಟ್ಟು. ಮೇಷ್ಟರ ಕನ್ನಡಕದಿಂದ ಹನಿ ಇಳಿಯುತ್ತಿತ್ತು. ಕಂಡಕ್ಟರನ ಟಿಕೆಟ್ಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಂದಿನ ಸೀಟಿನಿಂದ ಯಾರೋ, "ಚೊಲೋ ಮಾಲು ಕಣ್ರಪ್ಪ" ಎಂದರು. ನಾನು ತಲೆ ಬಗ್ಗಿಸಿ ಡಬ್ಬವನ್ನು ಪರೀಕ್ಷಿಸಿದೆ. ಬೆಸುಗೆ ಬಿಟ್ಟಿರಲಿಲ್ಲ. ತಗಡೇ ಹರಿದಿತ್ತು. ಇದನ್ನು ಕಂಡಕ್ಟರನಿಗೆ ತೋರಿಸಿ, "ನೋಡ್ರಿ, ಕೆಲಸದಾಗೆ ತಪ್ಪಿಲ್ಲ" ಎಂದೆ.

ಅವನು ಬಸ್ಸು ನಿಲ್ಲಿಸಿ ನನ್ನನ್ನು ಇಳಿಸಿದ.

ಉಳಿದ ದಾರಿಯನ್ನು ಸ್ವಲ್ಪ ನಡೆದು, ಸ್ವಲ್ಪ ಮೆಕ್ಕೆಜೋಳದ ಗಾಡಿಯಲ್ಲಿ ಕೂತು ಮುಗಿಸಿದೆ. ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಕಳಸ ಇಟ್ಟಾಗಿತ್ತು. ಅದರ ಪಕ್ಕ ಅಪ್ಪನಿಗೆ ತಂದ ಹೊಸ ಪಂಚೆ, ಎಲೆಯ ತುಂಬ ಅಡುಗೆ, ಒಂದು ಕಟ್ಟು ಬೀಡಿ. ನಡುವೆ ತಿಕ್ಕಿ ತಿಕ್ಕಿ ಬಂಗಾರದಂತಾಗಿದ್ದ ಹಿತ್ತಾಳೆ ಲೋಟ, ಖಾಲಿ. ಯಾರೂ ಊಟ ಮಾಡಿರಲಿಲ್ಲ. ಮೂಲೆಯಲ್ಲಿ ದುರುಗಪ್ಪಮಾವ ಕೂತಿದ್ದ. ಎಡೆಗೆ ಕೈ ಮುಗಿಯಲು ನ್ಯಾಮತಿಯಿಂದ ಗಂಗಮ್ಮನ ಅಣ್ಣನೂ ಬಂದಿದ್ದ. ಅವನು ಬರುವ ದಿನ ಅದೇ ಆಗಬೇಕಿತ್ತು.

ಗಂಗಮ್ಮ ಮೂಗು ಮುಚ್ಚಿಕೊಂಡಳು. "ಮೈ ತೊಳ್ಕಂಡು ಬಂದೀರೇನ್ರಿ ಹೆಂಡದಾಗೆ?"

ಹರಿದ ಡಬ್ಬವನ್ನು ಅವ್ವನ ಮುಂದೆ ಇಟ್ಟೆ. ಹೇಳಬೇಕಾದ ಮಾತು ಬಹಳ ಇತ್ತು. "ತಂದಿದ್ದೆ ಅವ್ವ" ಎಂದಷ್ಟೇ ಬಾಯಿಗೆ ಬಂತು.

ಅವ್ವ ಡಬ್ಬದ ಕಡೆ ನೋಡಲೇ ಇಲ್ಲ. ಹತ್ತಿರ ಬಂದು ನನ್ನ ಭುಜಕ್ಕೆ ಮುಖ ಇಟ್ಟು ಉಸಿರು ಎಳೆದಳು. ಇನ್ನೊಮ್ಮೆ ಎಳೆದಳು.

"ದುರುಗಪ್ಪಣ್ಣ, ಒಂದೀಟು ಬಾ ಇಲ್ಲಿ."

ದುರುಗಪ್ಪಮಾವ ಬಂದು ನನ್ನ ತೋಳನ್ನು ಎತ್ತಿ ಮೂಸಿದ. ನಲವತ್ತು ವರ್ಷದ ಅನುಭವವನ್ನೆಲ್ಲ ಸೇರಿಸಿ ಹೇಳಿದ: "ಹನಿ ನೀರು ಬಿದ್ದಿಲ್ಲ ತಾಯಿ. ಮರದ್ದೇ."

"ಅಂಗಿ ಬಿಚ್ಚೋ" ಎಂದಳು ಅವ್ವ.

ಬಿಚ್ಚಿಕೊಟ್ಟೆ. ಅವಳು ಅದನ್ನು ಲೋಟದ ಮೇಲೆ ಹಿಡಿದು ಹಿಂಡಿದಳು. ದಾರಿಯ ಬಿಸಿಲಿಗೆ ಮುಕ್ಕಾಲು ಒಣಗಿತ್ತು. ಎಲ್ಲರೂ ಬಗ್ಗಿ ನೋಡಿದೆವು. ಮೂರು ಹನಿ ಬಿದ್ದವು. ನಾಲ್ಕನೆಯದು ಬಟ್ಟೆಯ ತುದಿಯಲ್ಲೇ ನಿಂತಿತು. ಅವ್ವ ಸ್ವಲ್ಪ ಯೋಚಿಸಿ ಅಂಗಿಯನ್ನು ನಾಲ್ಕು ಮಡಿಕೆ ಮಾಡಿ, ಹೊಸ ಪಂಚೆಯ ಮೇಲೆ, ಕಳಸದ ಮುಂದೆ ಇಟ್ಟಳು.

"ಅವ್ನೂ ಮನೆಗೆ ಹಿಂಗೇ ಬರ್ತಿದ್ದ" ಎಂದಳು. "ಬಂದ ಅಂತ ತಿಳ್ಕಂತೀನಿ. ಎಲ್ಲಾರೂ ಕೈ ಮುಗೀರಿ."

ಗಂಗಮ್ಮ ಅಡ್ಡಬಿದ್ದಳು. ಮಕ್ಕಳು ಅಡ್ಡಬಿದ್ದರು. ದುರುಗಪ್ಪಮಾವ ಕಣ್ಣೊರೆಸಿಕೊಂಡು ಅಡ್ಡಬಿದ್ದ. ಗಂಗಮ್ಮನ ಅಣ್ಣ ನನ್ನನ್ನೊಮ್ಮೆ, ಅಂಗಿಯನ್ನೊಮ್ಮೆ ನೋಡಿ, ಬೇರೆ ದಾರಿ ಕಾಣದೆ ಅವನೂ ಅಡ್ಡಬಿದ್ದ. ಕೊನೆಯ ಸರದಿ ನನ್ನದು. ಇಷ್ಟು ದುಡಿದು, ಇಷ್ಟು ಹೆಸರು ಮಾಡಿ, ಹಿರೇಮಗನಾದ ನಾನು, ತೂತು ಬನೀನಿನಲ್ಲಿ ನನ್ನದೇ ಅಂಗಿಗೆ ದೀರ್ಘದಂಡ ನಮಸ್ಕಾರ ಹಾಕಿ, ತಪ್ಪಾಯಿತಪ್ಪ ಎಂದೆ.