ಕಾಗೆ ಮುಟ್ಟದ ಸೀಕರಣಿ

ಯುಗಾದಿಗೆಂದು ಬಂದ ರಾವಸಾಹೇಬ ಕಾಕಾ, ಸತ್ತ ಹಿರಿಯರಿಗೆ ಎಡೆ ಇಡುವ ಪಕ್ಷಮಾಸ ಬಂದರೂ ಹೋಗಿರಲಿಲ್ಲ. ಶಿರಗುಪ್ಪಿಯಲ್ಲಿ ಮಗನ ಜೊತೆ ಮಾತು ಬಿಟ್ಟಿದ್ದರಂತೆ. ಅಲ್ಲಿ ಬಿಟ್ಟ ಮಾತನ್ನೆಲ್ಲ ಸದಲಗಾದಲ್ಲಿ, ಅಣ್ಣನ ಮಗ ಸಿದರಾಯನ ಮನೆಯಲ್ಲಿ ಕೂತು ಆಡುತ್ತಿದ್ದರು.

ಸಿದರಾಯ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವವನು. ಅವನದು ಎರಡೇ ಖೋಲಿಯ ಮನೆ. ಒಂದರಲ್ಲಿ ಕಾಕಾ ಮತ್ತು ಅವರ ಗೊರಕೆ, ಇನ್ನೊಂದರಲ್ಲಿ ಹೆಂಡತಿ ಗಿರಿಜವ್ವ ಮತ್ತು ಮಕ್ಕಳು. ಮನೆಯ ಯಜಮಾನನಿಗೆ ಉಳಿದದ್ದು ಹಿತ್ತಲಲ್ಲಿ ಎಮ್ಮೆಯ ಗೋದಲಿಯ ಪಕ್ಕದ ಜಾಗ. ಅಲ್ಲಿ ಮೇಲಿನ ತಗಡು ಬೇರೆ ಸೋರುತ್ತಿತ್ತು. ಮಳೆ ಬಂದ ದಿನ ಎಮ್ಮೆ ಒಣ ಮೂಲೆಗೆ ಸರಿಯುತ್ತಿತ್ತು, ಇವನು ನೆನೆಯುತ್ತಿದ್ದ.

ಕಡೆಗೂ ದೇವರು ಕಣ್ಣು ಬಿಟ್ಟಿದ್ದ. "ಅಮಾಸಿ ದಿನ ಅಣ್ಣನ ಎಡಿ ಆಗಲಿ. ಕಾಗಿ ಮುಟ್ಟಿತಂದ್ರ ಸಂಜಿ ಬಸ್ಸಿಗೇ ನಾ ಊರಿಗೆ ಹೊಂಡತೇನಿ" ಎಂದು ಕಾಕಾ ತಾವಾಗಿಯೇ ಹೇಳಿದ್ದರು. ಅಂದಿನಿಂದ ಸಿದರಾಯ ಸತ್ತ ಅಪ್ಪನನ್ನು ನೆನೆದಷ್ಟು ಭಕ್ತಿಯಿಂದ ಯಾವ ಮಗನೂ ನೆನೆದಿರಲಿಕ್ಕಿಲ್ಲ.

ಅಮಾವಾಸ್ಯೆಯ ಮುಂಜಾನೆ ಚಹಾ ಕುಡಿಯುತ್ತ ಕಾಕಾ ಅಪ್ಪಣೆ ಕೊಡಿಸಿದರು: "ಎಡಿಗೆ ಮಾವಿನ ಸೀಕರಣಿ ಬೇಕು. ನಮ್ಮಣ್ಣಗ ಅದಂದ್ರ ಜೀಂವಾ. ಜೋಡೀಲೆ ಕುಡ್ಯಾಕ ಮಾವಿನಕಾಯಿ ಪನ್ಹಾ."

"ಕಾಕಾ, ಅವೆಲ್ಲಾ ಬ್ಯಾಸಿಗಿ ಅಡಿಗಿ. ಈಗ ಭಾದ್ರಪದದಾಗ ಮಾವಿನಹಣ್ಣ ಎಲ್ಲಿಂದ ತರ್ಲಿರಿ?"

"ಸತ್ತಾವ್ರಿಗೆ ಬ್ಯಾಸಿಗಿ, ಮಳಿಗಾಲ ಗೊತ್ತಿರತೈತೇನಲೇ? ವರ್ಷಕ್ಕೊಮ್ಮೆ ಊಟಕ್ಕ ಬರತಾರ. ಇಲ್ಲಾ ಅಂತೀಯೇನ?"

ಸಿದರಾಯನ ಮುಖ ಬಾಡಿತು. ಗಿರಿಜವ್ವ ಮಾತ್ರ ಬಾಡುವ ಪೈಕಿ ಅಲ್ಲ. "ಹೋಗ್ರಿ, ಒಂದ ಹಣ್ಣ ಕುಂಬಳಕಾಯಿ ತರ್ರಿ" ಎಂದಳು. ಅದನ್ನು ಬೇಯಿಸಿ, ಕಿವುಚಿ, ಅರಿವೆಯಲ್ಲಿ ಸೋಸಿ, ಹಾಲು, ಬೆಲ್ಲ, ಯಾಲಕ್ಕಿ ಬೆರೆಸಿದಳು. ಬಣ್ಣವೇನೋ ಮಾವಿನದೇ ಬಂತು, ವಾಸನೆ ಬರಲಿಲ್ಲ. ಆಗ ಆಚೆ ಮನೆಯ ತುಳಸವ್ವ, ಯಾವಾಗಲೂ ಗೋಡೆಗೆ ಕಿವಿ ಹಚ್ಚಿಕೊಂಡೇ ಇರುವವಳು, ಬೇಸಿಗೆಯಲ್ಲಿ ಮಾವಿನ ರಸ ಒಣಗಿಸಿಟ್ಟ ಆಂಬಾಪೋಳಿಯ ತುಂಡು ತಂದು ಹಾಲಲ್ಲಿ ನೆನೆಹಾಕಿದಳು. ವಾಸನೆಯೂ ಬಂತು. ಪನ್ಹಾಕ್ಕೆ ಮಾವಿನಕಾಯಿಯ ಬದಲು ಹುಣಸೆಹಣ್ಣು ಹಿಂಡಿದರು. ರುಚಿ ನೋಡಲು ಬೆರಳು ಚಾಚಿದ ಸಿದರಾಯನ ಕೈಗೆ ಗಿರಿಜವ್ವ ಸವಟಿನಿಂದ ಕೊಟ್ಟಳು. "ಎಡಿಗಿಂತ ಮೊದಲ ಬಾಯಾಗೇನ್ರಿ?"

ಸಿದರಾಯ ಕಾಕಾನ ಸಾಮಾನು ಕಟ್ಟಲು ಹೋದ. ಧೋತರ ಮಡಿಚಿ ಚೀಲಕ್ಕೆ ತುಂಬಿದ. ಹಿಂದಿನ ದಿನದ ಮಳೆಗೆ ಅವರ ಕರೀ ಛತ್ರಿ ತೊಯ್ದಿತ್ತು. ತೊಯ್ದ ಛತ್ರಿಯ ನೆವ ಹೇಳಿ ಎಲ್ಲಿ ನಿಂತುಬಿಡುತ್ತಾರೋ ಎಂದು ಹೆದರಿ, ಅದನ್ನು ಬಿಚ್ಚಿ, ಮಾಳಿಗೆಯ ಮೇಲೆ ಹಿಂಬದಿಗಿದ್ದ ಟೀವಿ ಅಂಟೇನಾಕ್ಕೆ ತೂಗುಹಾಕಿದ.

ಮಧ್ಯಾಹ್ನ ಮಾಳಿಗೆಯ ಅಂಚಿಗೆ ಎಡೆ ಇಟ್ಟದ್ದಾಯಿತು. ಹೋಳಿಗೆ, ಸೀಕರಣಿ, ಪನ್ಹಾ, ಎಲ್ಲವೂ ಇತ್ತು. ಊಟಕ್ಕೆ ಬಂದವರೆಲ್ಲ ಅಂಗಳದಲ್ಲಿ ನಿಂತು ಕತ್ತು ಮೇಲೆತ್ತಿದರು. ಕಾಗೆ ಮುಟ್ಟದೆ ಯಾರೂ ತುತ್ತು ಎತ್ತುವಂತಿಲ್ಲ.

ಒಂದು ಕಾಗೆ ಬಂತು. ತುಳಸವ್ವನ ಗೋಡೆಯ ಮೇಲೆ ಕೂತು ಎಡೆ ನೋಡಿತು, ಕಾವ್ ಎಂದು ಚೀರಿ ಹಾರಿಹೋಯಿತು. ತಿರುಗಿ ಬರುವಾಗ ತನ್ನ ಬಳಗವನ್ನೆಲ್ಲ ಕರೆತಂತು. ಎಲ್ಲವೂ ಮನೆಯ ಮೇಲೆ ಸುತ್ತು ಹಾಕಿ ಕಿರುಚಿದವೇ ಹೊರತು ಒಂದೂ ಇಳಿಯಲಿಲ್ಲ.

"ಅಯ್ಯ ನಮ್ಮವ್ವಾ! ಹಿರ್ಯಾಗ ಸಿಟ್ಟ ಬಂದೈತಿ" ಎಂದು ತುಳಸವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸಿದರಾಯನಿಗೆ ಸೀಕರಣಿ ನೆನಪಾಯಿತು. ಬದುಕಿದ್ದಾಗ ಅಪ್ಪ ಒಂದು ಹರಳು ಉಪ್ಪು ಹೆಚ್ಚಾದರೂ ತಾಟು ಒಗೆಯುತ್ತಿದ್ದ. ಕುಂಬಳಕಾಯಿ ಅಂತ ಗೊತ್ತಾಗಿಬಿಟ್ಟಿತೇ?

"ನಿಮ್ಮಪ್ಪನ ಮನಸಿನ್ಯಾಗ ಏನೋ ಉಳದೈತಿ. ಕೈಮುಗದ ಮಾತ ಕೊಡು" ಎಂದರು ಸೊಸೈಟಿ ಸೆಕ್ರೆಟರಿ ಬಾಳಾಸಾಬ. ಏನು ಉಳಿದಿದೆ ಎನ್ನುವುದೂ ಅವರಿಗೆ ಗೊತ್ತಿತ್ತು. "ಮಗಾ ನಸುಕಿನ ಪಾಳಿ ಮಾಡಬೇಕಂತ ಅವರಿಗೆ ಭಾಳ ಆಸೆ ಇತ್ತು ನೋಡು."

ಸಿದರಾಯ ನಸುಕಿನ ಪಾಳಿ ಒಪ್ಪಿಕೊಂಡ. ಕಾಗೆ ಇಳಿಯಲಿಲ್ಲ.

"ನಿಮ್ಮ ಬಚ್ಚಲ ನೀರ ನಮ್ಮ ಕಡೆ ಹರೀತೈತಲ್ಲ, ಅದಕ್ಕ ಭಾಳ ನೊಂದಿದ್ರು" ಎಂದಳು ತುಳಸವ್ವ.

ಬಚ್ಚಲ ನೀರನ್ನೂ ತಿರುಗಿಸುತ್ತೇನೆಂದ. ಕಾಗೆಗಳು ಇನ್ನಷ್ಟು ಚೀರಿದವು. ಹೊಟ್ಟೆ ಹಸಿದು ಮಕ್ಕಳೂ ಚೀರತೊಡಗಿದವು.

ಆಗ ಕಾಕಾ ಕಣ್ಣೊರೆಸಿಕೊಂಡರು. "ಅಣ್ಣಾ, ನನ್ನ ಚಿಂತಿ ಬಿಡೋ. ನಾ ಊರಿಗೆ ಹೋಗಿ ಹೆಂಗೋ ಇರತೇನಿ. ನನ್ನ ಸಲವಾಗಿ ಮಕ್ಕಳನ್ನ ಉಪಾಸ ಕೆಡವಬ್ಯಾಡ" ಎಂದು ಮೇಲೆ ನೋಡಿ ಹೇಳಿ, ಬಸ್ಸಿಗೆ ಅಣಿಯಾಗುತ್ತೇನೆಂದು ಒಳಗೆ ಹೋದರು.

"ಅದ ನೋಡ್ರಿ!" ತುಳಸವ್ವ ತೊಡೆ ತಟ್ಟಿದಳು. "ತಮ್ಮನ ಚಿಂತಿ! ಕಾಕಾನ್ನ ಕಡೀತನಕಾ ಇಟ್ಕೊಂತೇನಂತ ಹೇಳೋ ಸಿದರಾಯಾ!"

ಇದೊಂದನ್ನು ಬಿಟ್ಟು ಏನು ಬೇಕಾದರೂ ಕೇಳಲಿ! ಸಿದರಾಯ ಹೆಂಡತಿಯ ಕಡೆ ನೋಡಿದ. ಅವಳು ಅಳುವ ಕೂಸನ್ನು ತೋರಿಸಿದಳು. ಬಾಳಾಸಾಬರ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್ ಎಂದಿತು. ಸಿದರಾಯ ಕಣ್ಣು ಮುಚ್ಚಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದ: "ಅಪ್ಪಾ, ಕಾಕಾನ್ನ ಜೀಂವ ಇರೂತನಕಾ ನನ್ನ ಮನ್ಯಾಗ ಇಟ್ಕೊಂತೇನಪಾ! ನಿನ್ನಾಣಿ!"

ತುಸು ಹೊತ್ತಿಗೆ ಕಾಗೆಗಳ ಗದ್ದಲ ನಿಂತಿತು. ಒಂದು ಕಾಗೆ ಸೊಯ್ಯೆಂದು ಇಳಿದು ನೇರ ಸೀಕರಣಿಗೇ ಬಾಯಿ ಹಾಕಿತು. ಅಂಗಳದಲ್ಲಿ ಎಲ್ಲರೂ ಕೈಮುಗಿದರು. ತುಳಸವ್ವ ಅತ್ತಳು. ಸಿದರಾಯನೂ ಅತ್ತ, ಅವನ ಅಳುವಿನ ಕಾರಣ ಬೇರೆ ಇತ್ತು.

ಪಂಗತಿಯಲ್ಲಿ ಕಾಕಾ ಸೀಕರಣಿಯನ್ನು ಮತ್ತೆ ಮತ್ತೆ ಬಡಿಸಿಕೊಂಡರು. ಪಕ್ಕದಲ್ಲಿ ಕೂತ ಸಿದರಾಯ ಹೋಳಿಗೆ ಮುರಿದು ಮುರಿದು ಎಲೆಯಲ್ಲೇ ಇಡುತ್ತಿದ್ದ. ಅಷ್ಟರಲ್ಲಿ ಕಾಕಾನ ತೊಡೆಯ ಬದಿಗೆ ನೀಟಾಗಿ ಮಡಿಚಿಟ್ಟ ಕರೀ ಛತ್ರಿ ಕಂಡಿತು.

"ಕಾಕಾ, ಛತ್ರಿ ಮಾಳಿಗಿ ಮ್ಯಾಲ ಇತ್ತಲ್ರಿ?"

"ಇತ್ತು. ಹಿತ್ತಲ ಪಾವಟಿಗಿಲೇ ಹತ್ತಿ ಹೋಗಿದ್ದೆ. ನೀ ಮಾತ ಕೊಟ್ಟದ್ದ ಕೇಳಸ್ತು, ಮಡಿಚಿದೆ." ಕಾಕಾ ಬೆರಳು ನೆಕ್ಕಿ ದನಿ ತಗ್ಗಿಸಿದರು. "ನಮ್ಮ ದ್ರಾಕ್ಷಿ ತೋಟದಾಗೂ ಹಿಂಗ ಕರೀ ಛತ್ರಿ ತೂಗಹಾಕತೇವಿ. ಸತ್ತ ಕಾಗಿ ಅಂತ ತಿಳದ ಒಂದೂ ಹತ್ರ ಬರೂದಿಲ್ಲ."

"ಮತ್ತ ಮೊದಲ ಯಾಕ ಹೇಳಲಿಲ್ರಿ?"

"ನನ್ನ ಕಳಸಾಕ ಅಷ್ಟ ಪ್ರೀತೀಲೆ ಒಣಗಹಾಕಿದ್ದಿ. ತಗೀ ಅಂದ್ರ ನಿನ್ನ ಮನಸ ನೋಯತಿತ್ತಲ್ಲೋ."

ಸಿದರಾಯ ಪಂಗತಿಯಲ್ಲಿ ಕೂತವರನ್ನು ಒಮ್ಮೆ ನೋಡಿದ. ಇವರಿಗೆಲ್ಲ ಹೇಳುವುದಾದರೂ ಏನು? ಅಪ್ಪನ ಎಡೆಗೆ ಕಾಗೆ ಬಾರದ ಹಾಗೆ ಮಾಡಿದವನು ನಾನೇ ಅಂತಲೇ?

ಕಾಕಾ ಛತ್ರಿಯನ್ನು ಅವನ ತೊಡೆಯ ಮೇಲಿಟ್ಟರು. "ಗೋದಲಿ ತಗಡ ಸೋರತೈತಿ ಅಂತಿದ್ದೆಲ್ಲ, ಇದನ್ನ ನೀನೇ ಇಟ್ಕೊ. ನಾ ಇನ್ನ ಎಲ್ಲಿ ಹೋಗಾಂವ?"